ಮರಳ ದಿಬ್ಬದ ಕಾವಲು

ಬೇಸಿಗೆಯಲ್ಲಿ ಹೊಳೆ ಇಳಿದು ಮಠದ ಮುಂದೆ ಮರಳ ದಿಬ್ಬ ಎದ್ದಿತ್ತು. ಟಿಟ್ಟಿಭ ಹಕ್ಕಿಗಳು ಅಲ್ಲಿ ಬರೀ ನೆಲದ ಮೇಲೆಯೇ ಮೊಟ್ಟೆ ಇಟ್ಟಿದ್ದವು.

ನೀರಿಗೆ ಬಂದ ಕುರಿ ಹಿಂಡು ಒಂದು ಗೂಡನ್ನು ತುಳಿದು ಹಾಕಿತು. ಶಿಷ್ಯ ಪರ್ವತಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಉಳಿದದ್ದು ಒಂದೇ ಗೂಡು. ಯಾರೂ ಹೇಳದಿದ್ದರೂ ಮರುದಿನ ತಾನೇ ಕೋಲು ಹಿಡಿದು ಕಾವಲಿಗೆ ನಿಂತ.

ಕುರಿ ಕಾಯುವ ಬೀರಪ್ಪ ಮತ್ತೆ ಬಂದ.

“ಕಣ್ಣ ಕಾಣಂಗಿಲ್ಲೇನು ನಿನಗ? ಹಿಂದಕ್ಕ ಹೊಡಿ!”

“ಕುರಿ ನೀರ ಕುಡೀಬಾರದೇನ್ರಿ? ಆ ಕಡೆಯಿಂದ ಹೊಡಕೊಂಡು ಹೋಗ್ತೀನಿ ಬಿಡ್ರಿ.”

ಬೀರಪ್ಪ ಹಾಗೇ ಹೋಗಿಯೂ ಬಿಟ್ಟ. ಪರ್ವತಯ್ಯನ ಸಿಟ್ಟು ಮಾತ್ರ ಹೋಗಲಿಲ್ಲ. ಗೂಡಿನ ಪಕ್ಕದಲ್ಲೇ ನಿಂತು ಆಚೆ ದಂಡೆಯತ್ತ ಬೈಯುತ್ತಲೇ ಇದ್ದ. ತಲೆಯ ಮೇಲೆ ಎರಡು ಹಕ್ಕಿ ಸುತ್ತುತ್ತಾ ಚೀರುತ್ತಿದ್ದವು. ಅವೂ ತನ್ನ ಪರವಾಗಿ ಬೈಯುತ್ತಿವೆ ಎಂದುಕೊಂಡು ಪುಣ್ಯಾತ್ಮನಿಗೆ ಇನ್ನಷ್ಟು ಹುರುಪು ಬಂತು.

ಬಿಸಿಲು ನೆತ್ತಿಗೇರಿದಾಗ ಗುರುಗಳು ದಿಬ್ಬಕ್ಕೆ ಬಂದರು. ಮಠದಲ್ಲಿ ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರ ಮುಖ ಕೆಂಪಾಗಿತ್ತು.

“ಹಕ್ಕಿ ಯಾರನ್ನ ಬೈಯಾಕತ್ತಾವ?”

“ಬೀರಪ್ಪನ್ನ ರೀ, ಅಜ್ಜಾರ.”

“ಅಂವ ಹೋಗಿ ಎಷ್ಟ ಹೊತ್ತಾತು?”

ಪರ್ವತಯ್ಯ ಆಚೆ ದಂಡೆ ನೋಡಿದ; ಅಲ್ಲಿ ಯಾರೂ ಇರಲಿಲ್ಲ. ಹಕ್ಕಿಗಳು ಅವನ ತಲೆಯ ಮೇಲೆಯೇ ಚೀರುತ್ತಿದ್ದವು.

ಅಜ್ಜಾರು ಅವನ ಕೈ ಹಿಡಿದೆಳೆದು ಮೊಟ್ಟೆಗಳ ಪಕ್ಕದ ಮರಳಿಗೆ ಒತ್ತಿದರು. ಅವನು ಹೌಹಾರಿ ಕೈ ಕಿತ್ತುಕೊಂಡ.

“ಸುಡತೈತ್ರೀ!”

“ನಿನಗ ಕೈ ಕಿತ್ಕೊಳ್ಳಾಕ ಬಂತು. ತತ್ತಿ ಏನ ಮಾಡ್ಬೇಕು? ತಾಯಿ ಹೊಳ್ಯಾಗ ಹೊಟ್ಟಿ ತೋಯಿಸ್ಕೊಂಡು ಬಂದು ಅವನ್ನ ತಂಪ ಮಾಡ್ತೈತಿ. ನೀ ಇಲ್ಲಿ ಗೂಟದಂಗ ನಿಂತ್ರ ಅದು ಎಲ್ಲಿ ಇಳೀಬೇಕು? ಸರಿ ಅತ್ತಾಗ!”

ಇಬ್ಬರೂ ದೂರದ ಜಾಲಿ ನೆರಳಿಗೆ ಹೋದರು. ತಕ್ಷಣ ಒಂದು ಹಕ್ಕಿ ನೀರಿಗಿಳಿದು, ಎದೆ ಹೊಟ್ಟೆ ನೆನೆಸಿಕೊಂಡು ಓಡೋಡಿ ಬಂದು ಮೊಟ್ಟೆಗಳ ಮೇಲೆ ಕೂತಿತು.

ಪರ್ವತಯ್ಯನ ಸಿಟ್ಟು ಇನ್ನೂ ಎದೆಯಲ್ಲೇ ಕುದಿಯುತ್ತಿತ್ತು, ಆದರೆ ಅದನ್ನು ಯಾರ ಮೇಲೆ ಸುರಿಯಬೇಕೋ ತಿಳಿಯಲಿಲ್ಲ.

“ತತ್ತಿ ಉಳೀತಾವಿಲ್ರೀ, ಅಜ್ಜಾರ?”

ಅಜ್ಜಾರು ಅವನ ಕಡೆ ನೋಡಲೂ ಇಲ್ಲ.

“ಕುರಿ ತುಳದಿದ್ರ ಬೈಯಾಕ ಬೀರಪ್ಪ ಇದ್ದ. ಇವು ಮರಿ ಆಗ್ಲಿಲ್ಲಂದ್ರ ಯಾರನ್ನ ಬೈತಿ?”