ಕಣಜದ ಬಾಗಿಲಲ್ಲಿ ಬನಪ್ಪ

“ಕೇಳ್ರಪ್ಪೋ ಕೇಳಿ! ಹರಳುಕೋಟೆ ದೊರೆಗಳ ಅಪ್ಪಣೆ! ಕಣಜದ ಬಾಗಿಲಲ್ಲಿ ಕೂತ ಬ್ರಹ್ಮರಾಕ್ಷಸ ಮೂರು ಒಗಟು ಕೇಳುತ್ತಾನೆ. ಬಿಡಿಸಿದವರಿಗೆ ಕಣಜದ ಬೀಗದ ಕೈ, ಜೊತೆಗೆ ಅದರ ಪಾರುಪತ್ಯ. ತಪ್ಪಿದವರು ಅವನ ಬಾಯಿಗೆ. ಆಮೇಲೆ ದೊರೆಗಳನ್ನು ದೂರಬಾರದು!”

ಇಷ್ಟು ಕೂಗಿ ಡಂಗುರದವನು ತಾನೇ ಹೆದರಿ, ತಮಟೆ ಕಂಕುಳಲ್ಲಿ ಇರುಕಿಕೊಂಡು ಓಟ ಕಿತ್ತ.

ಹರಳುಕೋಟೆಯಲ್ಲಿ ಮಳೆ ಬೆಳೆಗೇನೂ ಮೋಸವಿರಲಿಲ್ಲ, ಕಣಜ ತುಂಬಿ ತುಳುಕುತ್ತಿತ್ತು. ಕೆಟ್ಟಿದ್ದು ವ್ಯಾಪಾರ. ಸೀರೆ ಕೊಳ್ಳುವ ಪರದೇಶದ ವರ್ತಕರು ಆ ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ನೇಕಾರರ ಬೀದಿಯಲ್ಲಿ ನೇಯ್ದ ಸೀರೆ ಮಡಿಕೆ ಬಿಚ್ಚದೆ ಕೂತವು. ಸೀರೆಯನ್ನು ಬೇಯಿಸಿಕೊಂಡು ಉಣ್ಣಲಾದೀತೇ?

ಆ ಬೀದಿಯ ಬನಪ್ಪ ಮಹಾ ಪುಕ್ಕಲ. ಹಲ್ಲಿ ಲೊಚಗುಟ್ಟಿದರೂ ಎದೆ ಮುಟ್ಟಿಕೊಳ್ಳುವ ಆಸಾಮಿ. ಆದರೆ ಅವತ್ತು ಬೆಳಿಗ್ಗೆ ಅವನ ತಾಯಿ ಸಾಂತವ್ವ, “ಮಧ್ಯಾಹ್ನ ಕಟ್ಟಿಗೆ ಸಾಹುಕಾರ ಬರ್ತಾನೆ ಕಣಪ್ಪ, ಸೌದೆ ಬೆಲೆಗೆ ಮಗ್ಗ ಕೊಟ್ಟುಬಿಡೋಣ, ಬಿಚ್ಚಿಡು” ಎಂದಿದ್ದಳು. ಅಪ್ಪ ನೇಯ್ದ ಮಗ್ಗ, ತಾನೂ ನೇಯುವ ಮಗ್ಗ. ಅದು ಹೋದರೆ ನಾಳೆ ಏನು? ರಾಕ್ಷಸನ ಭಯಕ್ಕಿಂತ ಈ ಭಯ ಒಂದು ಗುಲಗಂಜಿ ಹೆಚ್ಚಾಯಿತು. ನಡುಗುತ್ತಲೇ ಹೊರಟ.

ಕಣಜದ ಮುಂದೆ ಊರೇ ಸೇರಿತ್ತು. ರಾಕ್ಷಸ ಬಾಗಿಲಿಗೆ ಬೆನ್ನು ಕೊಟ್ಟು, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದ. ಉಸಿರು ಬಿಟ್ಟರೆ ನೆಲದಡಿ ಕಾಳು ತುಂಬುವ ಹಳೇ ಹಗೇವಿನ ಮುಗ್ಗು ವಾಸನೆ.

ಮೊದಲು ಹೋದವನು ಜವಳಿ ಸೆಟ್ಟಿ. “ಕೆಟ್ಟ ಕಾಲ ಬಂದಾಗ ಬಡವರ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕರಗುವುದು ಯಾವುದು?” ಎಂದ ರಾಕ್ಷಸ.

“ಕೂಡಿಟ್ಟ ದುಡ್ಡು!”

“ಕೂಡಿಡಲು ಅವರಿಗೆಲ್ಲಿತ್ತೋ?” ಎಂದವನೇ ಗುಳುಂ. ಸೆಟ್ಟಿಯ ಪೇಟ ಮಾತ್ರ ನೆಲದಲ್ಲಿ ಉಳಿಯಿತು.

ಆಮೇಲೆ ಆಸ್ಥಾನದ ಪಂಡಿತರು. ಅವರಿಗೆ ಬೇರೆ ಒಗಟು. “ಒಮ್ಮೆ ತಿಂದರೆ ಮತ್ತೆಂದೂ ಉಣ್ಣಲಾಗದ್ದು ಯಾವುದು?”

“ವಿಷವಲ್ಲದೆ ಮತ್ತೇನು!” ಎಂದರು ಪಂಡಿತರು, ಮೀಸೆಯ ಮೇಲೆ ಕೈಯಿಟ್ಟು.

“ವಿಷಕ್ಕಿಂತ ಮೊದಲು ತಿನ್ನುವುದು ಇನ್ನೊಂದಿದೆ” ಎಂದು ಅವರನ್ನೂ ನುಂಗಿದ.

ಜನ ಚೀರಿ ಹಿಂದೆ ಸರಿದರು. ಆ ನೂಕುನುಗ್ಗಲಿನಲ್ಲಿ ಬನಪ್ಪ ಒಬ್ಬನೇ ಮುಂದೆ ಉಳಿದುಬಿಟ್ಟ. “ಬಾರೋ ಬನಪ್ಪಾ! ನಿಂಗ್ಯಾಕೋ ಇದು!” ಎಂದು ಸಾಂತವ್ವ ಹಿಂದಿನಿಂದ ಅರಚಿಕೊಂಡಳು. ಅವನಿಗೂ ಓಡಬೇಕೆನಿಸಿತು, ಕಾಲು ಬರಲಿಲ್ಲ.

“ಎಲ್ಲಕ್ಕಿಂತ ಮೊದಲು ಕರಗುವುದು?”

ಬನಪ್ಪ ತಿರುಗಿ ತಾಯಿಯ ಮುಖ ನೋಡಿದ. ಕೆನ್ನೆ ಒಳಕ್ಕೆ ಹೋಗಿತ್ತು. “ಅವ್ವನ ಊಟ” ಎಂದ. “ಮೊದಲು ಅವಳ ಪಾಲು ಹೋಗ್ತದೆ. ‘ನಂದು ಆಯ್ತು, ನೀನು ಉಣ್ಣು’ ಅಂತಾಳೆ. ನಾವು ನಂಬಿ ಉಣ್ತೇವೆ.”

ರಾಕ್ಷಸ ತೆರೆದ ಬಾಯಿ ಮುಚ್ಚಿದ. “ಒಮ್ಮೆ ತಿಂದರೆ ಮತ್ತೆಂದೂ ಉಣ್ಣಲಾಗದ್ದು?”

“ಮಗ್ಗ, ಸ್ವಾಮಿ. ಮಾರಿದರೆ ಒಂದು ವಾರದ ಹಿಟ್ಟು. ಮುಂದೆ ಸಂತೆ ಚಿಗುರಿದರೂ ನೇಯಲು ನಮ್ಮ ಕೈಯಲ್ಲಿ ಏನಿರ್ತದೆ?”

ರಾಕ್ಷಸ ಬಗ್ಗಿ, ಮುಖಕ್ಕೆ ಮುಖ ತಂದು ಕೇಳಿದ. “ಒಲೆ ಉರಿಯುತ್ತದೆ, ಮಾಡಿನಿಂದ ಹೊಗೆ ಏಳುತ್ತದೆ, ಮಡಕೆ ಕುದಿಯುತ್ತದೆ. ಆದರೂ ಉಣ್ಣುವವರಿಲ್ಲ. ಎಲ್ಲಿ?”

ಬನಪ್ಪನಿಗೆ ಗೊತ್ತಿತ್ತು. ಹಾಳಾದ್ದು, ಚೆನ್ನಾಗಿಯೇ ಗೊತ್ತಿತ್ತು! ಹಸಿದಿದ್ದೇವೆಂದು ನೆರೆಯವರಿಗೆ ತಿಳಿದರೆ ಮಾನ ಹೋದಂತೆ ಎಂದು ಸಾಂತವ್ವ ದಿನಾ ಎರಡು ಹೊತ್ತು ಬರೀ ನೀರು ಕುದಿಸುತ್ತಿದ್ದಳು. ಅದನ್ನು ನಾಲ್ಕು ಜನರ ಮುಂದೆ ಹೇಳುವುದೆಂದರೆ ತಾಯಿಯ ಸೆರಗು ಎಳೆದಂತೆ. ತಾಯಿ ತಲೆ ಅಲ್ಲಾಡಿಸುತ್ತಿದ್ದಳು, ಬೇಡ, ಬೇಡ ಎಂದು.

“ನಮ್ಮನೆಯಲ್ಲಿ” ಎಂದುಬಿಟ್ಟ. “ಮಡಕೆಯಲ್ಲಿ ಬರೀ ನೀರು. ತಪ್ಪಾಯ್ತು ಅವ್ವಾ.”

“ನಿನ್ನ ಮನೆ ಒಂದೇಯೋ?” ರಾಕ್ಷಸ ಬಾಯಿ ತೆರೆದ. “ಒಗಟು ಪೂರಾ ಬಿಡಿಸಲಿಲ್ಲ ನೀನು.” ಅವನ ಬಿಸಿ ನಾಲಿಗೆ ಬನಪ್ಪನ ಹೆಗಲಿಗೆ ತಾಗಿತು. ಬನಪ್ಪ ಕಣ್ಣು ಮುಚ್ಚಿದ. ಮುಗಿಯಿತು ಅಂದುಕೊಂಡ.

“ನಮ್ಮನೇಲೂ ಬರೀ ನೀರೇ!”

ಕೂಗಿದವಳು ಎದುರುಮನೆಯ ಗುರುಸಿದ್ದಮ್ಮ, ಬೀದಿಯಲ್ಲೇ ಬಲು ಬಿಂಕದವಳು. ಅವಳು ಗೊಳೋ ಎಂದು ಅಳುತ್ತಿದ್ದಳು. ಆಮೇಲೆ ಬಣ್ಣ ಹಾಕುವ ಮುದುಕ, “ನಮ್ಮದೂ” ಎಂದ. ಆಮೇಲೆ ಒಬ್ಬೊಬ್ಬರಾಗಿ ಬೀದಿಯ ಐವತ್ತೆರಡು ಮನೆಯವರೂ ಹೇಳಿದರು. ಇಷ್ಟು ದಿನ ಎಲ್ಲರೂ ಪಕ್ಕದ ಮನೆ ಹೊಗೆ ನೋಡಿ, ಅವರಾದರೂ ಉಣ್ಣುತ್ತಿದ್ದಾರಲ್ಲ ಅಂದುಕೊಂಡಿದ್ದರು.

ರಾಕ್ಷಸ ಕುಸಿದು ಕೂತ. “ಹಿಂದಿನ ಜನ್ಮದಲ್ಲಿ ನಾನು ಈ ಕಣಜದ ಪಾರುಪತ್ಯಗಾರ” ಎಂದ. “ಇಂಥದ್ದೇ ಕಾಲ ಬಂದಿತ್ತು. ಕೋಟೆಯ ಬುರುಜು ಹತ್ತಿ ಹೊಗೆ ನೋಡಿದೆ. ಮನೆಮನೆಯಲ್ಲೂ ಹೊಗೆ. ಎಲ್ಲರೂ ಉಣ್ಣುತ್ತಿದ್ದಾರೆ, ಬಾಗಿಲು ತೆಗೆಯುವುದು ಬೇಡ ಎಂದು ದೊರೆಗೆ ಹೇಳಿದೆ. ಹೊಗೆ ನಿಂತ ಮೇಲೆ ಹೋಗಿ ನೋಡಿದರೆ ಒಳಗಿನಿಂದ ಯಾರೂ ಎದ್ದು ಬರಲಿಲ್ಲ.” ಕೊರಳಿನ ಬೀಗದ ಕೈಯನ್ನು ಬನಪ್ಪನ ಅಂಗೈಗೆ ಹಾಕಿದ. ಮರುಗಳಿಗೆ ಅಲ್ಲಿ ರಾಕ್ಷಸನೂ ಇಲ್ಲ, ಮುಗ್ಗು ವಾಸನೆಯೂ ಇಲ್ಲ.

ದೊರೆಗಳು ಬಂದು ಬನಪ್ಪನಿಗೆ ರುಮಾಲು ಸುತ್ತಿ, “ಪಾರುಪತ್ಯಗಾರರೇ, ಯಾರಿಗೆ ಎಷ್ಟು ಅಳೆಯೋಣ?” ಎಂದರು.

“ಎಲ್ಲಾ ಮನೆಗೂ, ಮಹಾಸ್ವಾಮಿ. ಬಂದು ಕೇಳಲಿ ಅಂತ ಕಾಯಬಾರದು. ಯಾರೂ ಕೇಳೋದಿಲ್ಲ. ಮಗ್ಗ ಮನೆಯಿಂದ ಹೊರಗೆ ಬೀಳೋದರೊಳಗೆ ಜೋಳ ಒಳಗೆ ಹೋಗಿರಬೇಕು. ವರ್ತಕರು ಬರೋ ತನಕ.”

ಅವತ್ತು ಕಟ್ಟಿಗೆ ಸಾಹುಕಾರ ಬರಿಗಾಡಿ ಹೊಡೆದುಕೊಂಡು ವಾಪಸು ಹೋದ.

ಸಾಂತವ್ವ ಮಾತ್ರ ಮಗನ ಮೇಲೆ ಕೆಂಡವಾಗಿದ್ದಳು. “ಊರ ಮುಂದೆ ನನ್ನ ಮಾನ ತೆಗೆದೆಯಲ್ಲೋ, ಪಾಪಿ!” ಎಂದು ಬೈದಳು, ಮುದ್ದೆ ಮುರಿದು ನುಂಗಿದಳು, ಮತ್ತೆ ಬೈದಳು. ಬನಪ್ಪ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟ. ಬೈದಷ್ಟೂ ಹೊತ್ತು ಅವಳು ಉಣ್ಣುತ್ತಿದ್ದಳು.