ಪಾರಿವಾಳದ ಇಪ್ಪತ್ತು ಕಾಳು

ಗಾಳಿಗೆ ಗುಬ್ಬಿಯ ಗೂಡು ಹರಿಯಿತು, ಒಳಗೆ ಮೊಟ್ಟೆಗಳಿದ್ದವು. ಹೆಣೆದುಕೊಡಲು ಗೀಜಗ ಹತ್ತು ಜೋಳದ ಕಾಳು ಕೂಲಿ ಕೇಳಿತು, ಅದೂ ಮುಂಗಡ. ಗುಬ್ಬಿ ಹೋಗಿ ಅಳಿಲಿನ ಮುಂದೆ ನಿಂತದ್ದೇ ತಡ, ಸಾಲ ಸಿಕ್ಕಿತು.

ಮೇಲಿನ ಕೊಂಬೆಯ ಪಾರಿವಾಳಕ್ಕೆ ಹೊಟ್ಟೆ ಉರಿಯಿತು. "ಅಳಿಲಣ್ಣಾ, ಆ ಚಿಟಿಕೆಯಷ್ಟು ಗುಬ್ಬಿಗೆ ಹತ್ತು ಕೊಟ್ಟೆಯಲ್ಲ, ನನಗೆ ಇಪ್ಪತ್ತು ಕೊಡು."

"ನಿನಗೇನು ಖರ್ಚು ಬಂತಮ್ಮಾ?"

"ಖರ್ಚು ಬಂದವರಿಗೆ ಮಾತ್ರವೋ ನಿನ್ನ ಮರ್ಯಾದೆ?"

"ಸರಿ, ತಗೋ. ಈ ಸಾಲ ತೀರುವವರೆಗೆ ಇನ್ನೊಂದು ಕಾಳೂ ಇಲ್ಲ," ಎಂದು ಅಳಿಲು ಎಣಿಸಿ ಕೊಟ್ಟಿತು.

ಪಾರಿವಾಳ ಗುಬ್ಬಿಯ ಎದುರಿಗೇ ಕೂತು ಇಪ್ಪತ್ತನ್ನೂ ತಿಂದು ಮುಗಿಸಿತು. ಗುಬ್ಬಿ ನಾಲ್ಕು ದಿನ ಅರೆಹೊಟ್ಟೆಯಲ್ಲಿದ್ದು ಹತ್ತನ್ನೂ ಹಿಂದಿರುಗಿಸಿತು.

ಐದನೆಯ ದಿನ ಬೀಸಿದ ಗಾಳಿ ಪಾರಿವಾಳದ ಗೂಡನ್ನೇ ವಾಲಿಸಿತು. ಅದರಲ್ಲೂ ಎರಡು ಮೊಟ್ಟೆ. ಗೀಜಗ ಮುಂಗಡವಿಲ್ಲದೆ ಕೊಕ್ಕು ಎತ್ತಲಿಲ್ಲ. ಪಾರಿವಾಳ ಅಳಿಲಿನ ಬಳಿಗೆ ಹಾರಿತು.

"ಹಳೆಯದು ಬರಲಿ," ಎಂದಿತು ಅಳಿಲು. "ಗುಬ್ಬಿ ಬಂದು ಕೇಳಿದರೆ ಈಗಲೇ ಕೊಡುತ್ತೇನೆ. ಅವಳ ಬಾಕಿ ಏನೂ ಇಲ್ಲ."

ಜಾರುತ್ತಿದ್ದ ಮೊಟ್ಟೆಗಳನ್ನು ಒಮ್ಮೆ ನೋಡಿ, ಪಾರಿವಾಳ ಕೆಳಗಿನ ಕೊಂಬೆಗೆ ಇಳಿಯಿತು. ಗುಬ್ಬಿಯ ಬಾಗಿಲಲ್ಲಿ ಕತ್ತು ತಗ್ಗಿಸಿ ಕರೆಯಿತು:

"ಗುಬ್ಬಕ್ಕಾ, ಮನೆಯಲ್ಲಿದ್ದೀರಾ?"