ಪಾರಿವಾಳ ಕತ್ತು ಚಾಚಿ ಹೂಂ ಅನ್ನೋದ್ಯಾಕೆ

ಹಾಲೆಲ್ಲ ಉಕ್ಕಿ ಒಲೆ ಪಾಲಾಯ್ತು. ನಿಮ್ಮಮ್ಮ "ಹಾಲು ನೋಡ್ಕೋ ಚೆಲುವಿ" ಅಂದಾಗ "ಹೂಂ" ಅಂದೆಯಲ್ಲ, ಅದ್ಯಾವ ಹೂಂ ನನ್ನವ್ವ? ನೋಡ್ಕೋತೀನಿ ಅನ್ನೋ ಹೂಂ ಅಂತ ಅವಳು ನಂಬಿ ಹೋದ್ಲು. ನಿಂದು ನನ್ನ ಪಾಡಿಗೆ ಬಿಡು ಅನ್ನೋ ಹೂಂ. ಒರೆಸಿ ಒರೆಸಿ ಈ ಅಜ್ಜಿ ಸೊಂಟ ಬಿದ್ದುಹೋಯ್ತು. ಸರಿ, ಅಳಬೇಡ, ಬಾ ಕೂತ್ಕೋ. ಕತೆ ಹೇಳ್ತೀನಿ. ಒಂದೇ ಕತೆ, ಆಮೇಲೆ ನನ್ನನ್ನ ಮಲಗೋಕೆ ಬಿಡಬೇಕು.

ಆಗ ಲೋಕ ಹೊಸದು ಕಣೆ. ಬೆಟ್ಟಗಳ ಮೈ ಇನ್ನೂ ಆರಿರಲಿಲ್ಲ, ನದಿಗಳಿಗೆ ದಾರಿ ಗೊತ್ತಿರಲಿಲ್ಲ. ಭೂಮಿತಾಯಿ, ಗಾಳಿ ಇಬ್ಬರನ್ನ ಬಿಟ್ಟು ಇನ್ಯಾರಿಗೂ ದನಿ ಇರಲಿಲ್ಲ. ಭೂಮಿತಾಯಿ ಬುಟ್ಟಿ ತುಂಬ ದನಿ ಇಟ್ಕೊಂಡು ಹಂಚೋಕೆ ಕೂತ್ಲು. ಒಂದು ದನಿಗೆ ಒಂದೇ ಅರ್ಥ. ಕಾಗೆಗೆ ಕಾ ಕಾ ಕೊಟ್ಟು, "ಇದಕ್ಕೆ ಊಟ ಇದೆ ಬನ್ನಿ ಅಂತ ಅರ್ಥ" ಅಂದ್ಲು. ಕಪ್ಪೆಗೆ ವಟವಟ ಕೊಟ್ಟು, "ಇದಕ್ಕೆ ಮಳೆ ಅಂತ ಅರ್ಥ" ಅಂದ್ಲು.

ಎಲ್ಲರಿಗಿಂತ ಕೊನೆಗೆ ಬಂದವಳು ಪಾರಿವಾಳ. ಬಂಡೆ ಸಂದಿನಲ್ಲಿ ಗೂಡು ಕಟ್ಟೋಕೆ ಕಡ್ಡಿ ತಂದು ತಂದು ಪಾಪ, ರೆಕ್ಕೆ ಜೋತು ಬಿದ್ದಿದ್ವು. ಬುಟ್ಟಿಯ ತಳದಲ್ಲಿ ಒಂದು ಹೂಂ ಮಾತ್ರ ಉಳಿದಿತ್ತು.

"ತಾಯಿ, ಇದರೊಳಗೆ ಏನೂ ಇಲ್ಲವಲ್ಲ!" ಅನ್ನೋ ಹಾಗೆ ಪಾರಿವಾಳ ಕಣ್ಣು ಪಿಳುಕಿಸಿದ್ಲು.

"ಇಲ್ಲ ಕಣಮ್ಮ. ಬೆಳಗಿಂದ ಹಂಚಿ ಹಂಚಿ ನನಗೂ ಸಾಕಾಗಿದೆ. ಅರ್ಥ ನೀವೇ ತುಂಬ್ಕೊಳ್ಳಿ" ಅಂತ ಭೂಮಿತಾಯಿ ಅಲ್ಲೇ ಒರಗಿಕೊಂಡ್ಲು.

ಏನು? ಊಹೂಂ ಯಾಕೆ ತಗೊಳ್ಳಲಿಲ್ಲ ಅಂತೀಯಾ? ಅದನ್ನ ಗೂಬೆ ಮೊದಲೇ ಎತ್ಕೊಂಡು ಹೋಗಿತ್ತು. ನಡುವೆ ಬಾಯಿ ಹಾಕಬೇಡ.

ಪಾರಿವಾಳ ಆ ಹೂಂ ಗೂಡಿಗೆ ತಂದ್ಲು. ಗಂಡ ಹೆಂಡತಿ ಇಬ್ರೂ ಅದರಲ್ಲೇ ಬದುಕಿದ್ರು. ಮೊಟಕಾಗಿ ಹೂಂ ಅಂದ್ರೆ ಆಯ್ತು. ಎಳೆದು ಹೂಂ ಅಂದ್ರೆ ಹೇಳು, ಕೇಳ್ತಿದ್ದೀನಿ. ಮೂಗಿನಲ್ಲಿ ಹೂಂ ಅಂದ್ರೆ ಸುಸ್ತಾಗಿದೆ, ಮಾತಾಡಿಸಬೇಡ. ಕೇಳೋರಿಗೆ ಎಲ್ಲ ಒಂದೇ. ಅವರಿಬ್ಬರಿಗೆ ಮಾತ್ರ ಗೊತ್ತಾಗೋದು. ಅವರು ಒಟ್ಟಿಗೆ ದುಡಿದು ಒಟ್ಟಿಗೆ ಸುಸ್ತಾದೋರು ನೋಡು.

ಮೊಟ್ಟೆ ಎರಡಿದ್ವು. ಕಾವು ಕೊಟ್ಟು ಕೊಟ್ಟು ಹೆಣ್ಣು ಪಾರಿವಾಳದ ಕಣ್ಣು ಎಳೀತಿತ್ತು. ಗಂಡ ಕಾಳು ಹುಡುಕೋಕೆ ಹೋಗಿದ್ದ. ಆಗ ಗಾಳಿ ಬಂದ. ಆ ಕಾಲದಲ್ಲಿ ಗಾಳಿಗೆ ಮರ್ಯಾದೆ ಇತ್ತಮ್ಮ, ಕೇಳದೆ ಒಳಗೆ ಬರ್ತಿರಲಿಲ್ಲ.

"ಒಳಗೆ ಬರಲೇನವ್ವಾ?"

ಕಣ್ಣು ಬಿಡದೆ ಅವಳು ಮೂಗಿನಲ್ಲಿ "ಹೂಂ" ಅಂದ್ಲು.

ಗಾಳಿ ನುಗ್ಗಿದ. ಗೂಡು ಅಂದ್ರೆ ಏನು ಮಹಾ, ನಾಲ್ಕು ಕಡ್ಡಿ. ಒಂದು ಮೊಟ್ಟೆ ಉರುಳಿ ಬಂಡೆ ಕೆಳಗೆ ಬಿದ್ದು ಒಡೆದುಹೋಯ್ತು.

"ನೀನೇ ಹೂಂ ಅಂದೆಯಲ್ಲವ್ವಾ!" ಅಂದ ಗಾಳಿ.

"ಅಂದೆ. ಅದು ಬಾ ಅನ್ನೋ ಹೂಂ ಅಲ್ಲ" ಅನ್ನೋ ಹಾಗೆ ಅವಳು ರೆಕ್ಕೆ ಬಡಿದ್ಲು.

"ನನಗೆ ಹೇಗೆ ಗೊತ್ತಾಗಬೇಕು? ಕೇಳಿಸಿದ್ದು ಹೂಂ ತಾನೇ?"

ಗಂಡ ಬಂದು ಗೂಡು ನೋಡಿದ. ಏನಾಯ್ತು ಅನ್ನೋ ಹಾಗೆ ಹೂಂ ಅಂದ. ಅವಳೂ ಹೂಂ ಅಂದ್ಲು. ಅಂಥ ಹೂಂ ಅವನು ಯಾವತ್ತೂ ಕೇಳಿರಲಿಲ್ಲ, ಆದ್ರೂ ಪೂರ್ತಿ ಅರ್ಥವಾಯ್ತು. ಕಾಳು ಕೆಳಗಿಟ್ಟು ಅವಳ ಪಕ್ಕ ಕೂತ. ನನಗೆ ಈ ಜಾಗದಲ್ಲಿ ಯಾವಾಗಲೂ ಅಳು ಬರುತ್ತೆ, ನೋಡಬೇಡ ನನ್ನ ಮುಖ.

ಗಾಳಿ ಭೂಮಿತಾಯಿಯನ್ನ ಎಬ್ಬಿಸಿ, "ತಪ್ಪು ಯಾರದು?" ಅಂತ ಕೇಳಿದ.

"ಯಾರದೂ ಅಲ್ಲಪ್ಪ. ದನಿ ಕೊಟ್ಟವಳು ನಾನು. ಅರ್ಥ ಹೇಳೋರದ್ದು, ಕೇಳೋರದ್ದು, ಇಬ್ಬರದ್ದೂ. ಅವಳ ಮುಖ ನೋಡಿದ್ಯಾ? ನೀನು ಯಾರು ಅಂತ ಅವಳು ನೋಡಿದ್ಲಾ? ಹೋಗಿ, ಇನ್ನೊಂದು ಮೊಟ್ಟೆನಾದ್ರೂ ಉಳಿಸ್ಕೊಳ್ಳಿ" ಅಂದು ಆ ಕಡೆ ತಿರುಗಿ ಮಲಗಿದ್ಲು.

ಸಂಜೆ ಗಾಳಿ ಮತ್ತೆ ಬಂದ. ಬರಲೇಬೇಕಲ್ಲ, ಅವನ ದಾರಿ ಅದೇ. ಸಂದಿನ ಬಾಯಲ್ಲಿ ನಿಂತು ಮೆಲ್ಲಗೆ, "ಬರಲಾ?" ಅಂದ.

ಸುಸ್ತು ಅಂದ್ರೆ ಸುಸ್ತು ಅವಳಿಗೆ. ಆದ್ರೂ ಈ ಸಲ ಕಣ್ಣು ಬಿಟ್ಲು. ಎದೆ ಉಬ್ಬಿಸಿ, ಕತ್ತು ಅವನ ಕಡೆಗೇ ಚಾಚಿ ಚಾಚಿ, "ಹೂಂ! ಹೂಂ! ಹೂಂ!" ಅಂದ್ಲು. ಗಾಳಿ ಅವಳ ಮುಖ ನೋಡಿದ. ಅದೇ ಹೂಂ. ಆದ್ರೆ ಈಗ ಅದು ಅಲ್ಲೇ ನಿಲ್ಲು ಅಂತಿತ್ತು. ಗಾಳಿ ನಿಂತ. ಮೊಟ್ಟೆ ಒಡೆದು ಮರಿ ಆಯ್ತು.

ಈಗ ನಮ್ಮ ಅಡುಗೆಮನೆ ಕಿಟಕಿಯಲ್ಲಿ ಕೂತಿರೋ ಪಾರಿವಾಳ ನೋಡು. ಬಿದ್ದ ಮೊಟ್ಟೆಯನ್ನ ಆ ತಾಯಿ ಮರೆಯಲಿಲ್ಲ, ಅವಳ ಮಕ್ಕಳು ಮೊಮ್ಮಕ್ಕಳೂ ಮರೆತಿಲ್ಲ. ಅದಕ್ಕೇ ಕಣೆ ಚೆಲುವಿ, ಎಷ್ಟೇ ಸುಸ್ತಾಗಿದ್ರೂ ಪಾರಿವಾಳ ಇವತ್ತಿಗೂ ಬರೀ ಬಾಯಲ್ಲಿ ಹೂಂ ಅನ್ನಲ್ಲ, ಕತ್ತು ಚಾಚಿ, ಕಣ್ಣು ಬಿಟ್ಟು, ಮತ್ತೆ ಮತ್ತೆ ಹೇಳುತ್ತೆ.